‘ನೀವು ಮಾತ್ರ ಹಾಗೆ ಮಾಡಬಹುದಾ?’ ಅಂತ ಮಗು ಕೇಳಿದರೆ

ನಾನು ಪಾಠ ಮಾಡುವುದು ತೀರ್ಥಹಳ್ಳಿ ಕಡೆಯ ಒಂದು ಶಾಲೆಯಲ್ಲಿ. ಪೋಷಕರ ಸಭೆ ಮುಗಿದು ಎಲ್ಲರೂ ಚಪ್ಪಲಿ ಹಾಕಿಕೊಳ್ಳುವ ಹೊತ್ತಿಗೆ ಯಾರಾದರೊಬ್ಬರು ಹತ್ತಿರ ಬಂದು ಮೆಲ್ಲಗೆ ಕೇಳುತ್ತಾರೆ. ಮಾರ್ಕ್ಸ್ ವಿಷಯ ಆಗಿರುವುದಿಲ್ಲ. “ಟೀಚರೇ, ಹುಡುಗಿ ಈಗ ನಮಗೇ ಬುದ್ಧಿ ಹೇಳ್ತಾಳೆ. ಹೇಳೋದೇನೋ ಸರಿ ಇರುತ್ತೆ. ಆದರೆ ನೆಂಟರ ಎದುರಿಗೇ ಹೇಳಿಬಿಡ್ತಾಳೆ. ಏನು ಮಾಡೋದು?”

ಓದುಗರೂ ಇದನ್ನೇ ಬೇರೆ ಬೇರೆ ರೀತಿಯಲ್ಲಿ ಕೇಳುತ್ತಿರುತ್ತಾರೆ. ಹಾಗಾಗಿ ಒಮ್ಮೆ ಕೂತು ಹಂತಹಂತವಾಗಿ ಬರೆದಿದ್ದೇನೆ. ಇದು ಸುಮಾರು ಎಂಟರಿಂದ ಹದಿನಾಲ್ಕು ವರ್ಷದ ಮಕ್ಕಳಿರುವ ಮನೆಗೆ.

ಶುರು ಮಾಡುವ ಮೊದಲು ಒಂದು ಮಾತು. ಸುಳ್ಳು ಹೇಳಬೇಡ, ಹಂಚಿಕೊಂಡು ತಿನ್ನು, ದೊಡ್ಡವರನ್ನು ಬಹುವಚನದಲ್ಲಿ ಮಾತಾಡಿಸು ಅಂತ ಕಲಿಸಿದವರು ನಾವೇ. ಮಗು ಅದನ್ನು ನಂಬಿತು. ಈಗ ಲೆಕ್ಕ ಕೇಳುತ್ತಿದೆ. ನಾವು ಮಕ್ಕಳಿಂದ ಕಲಿಯುವುದರಲ್ಲಿ ಬಹುಪಾಲು ನಮ್ಮದೇ ಮಾತು. ಹೇಳಿ ಮರೆತದ್ದು, ಅಷ್ಟೇ.

ಏನೇನು ಬೇಕು

ಜಾಸ್ತಿ ಏನಿಲ್ಲ. ಒಂದು ಡೈರಿ. ಅಡಿಕೆ ಮಂಡಿಯವರು ವರ್ಷಕ್ಕೊಂದು ಕೊಡುತ್ತಾರಲ್ಲ, ಅದು ಸಾಕು. ಅದಕ್ಕೆ ದಾರದಲ್ಲಿ ಕಟ್ಟಿದ ಪೆನ್ನು. ಕಟ್ಟದಿದ್ದರೆ ಎರಡೇ ದಿನಕ್ಕೆ ಕಾಣೆ. ವಾರಕ್ಕೆ ಕಾಲು ಗಂಟೆ. ಮತ್ತೆ ಮನೆಯ ಇನ್ನೊಬ್ಬ ದೊಡ್ಡವರ ಒಪ್ಪಿಗೆ. ಈ ಕೊನೆಯದನ್ನು ಬಿಟ್ಟು ಶುರು ಮಾಡಬೇಡಿ. ಅಮ್ಮ ಕೇಳಿಸಿಕೊಂಡು ಅಪ್ಪ ಗದರಿಸಿದರೆ, ಯಾವ ಮಾತನ್ನು ಯಾರ ಹತ್ತಿರ ಹೇಳಬೇಕು ಅನ್ನುವ ರಾಜಕೀಯ ಮಾತ್ರ ಮಗುವಿಗೆ ಬರುತ್ತದೆ.

1. ಬಾಯಿಗೆ ಬಂದ ಮೊದಲ ಮಾತು ನುಂಗಿಕೊಳ್ಳಿ

ಮಗು ತಪ್ಪು ತೋರಿಸಿದ ತಕ್ಷಣ ನಮ್ಮ ಬಾಯಿಗೆ ಬರುವ ಮಾತು ಹೆಚ್ಚುಕಡಿಮೆ ಎಲ್ಲ ಮನೆಯಲ್ಲೂ ಒಂದೇ. “ದೊಡ್ಡೋರಿಗೆ ಎದುರು ಮಾತಾಡ್ತೀಯಾ?” “ಮೊದಲು ನಿನ್ನ ಹೋಂವರ್ಕ್ ಮುಗಿಸು.” “ನಿಂಗೇನು ಗೊತ್ತು ಸಂಸಾರದ ಕಷ್ಟ?” ಇವು ಯಾವುದೂ ಮಗು ಕೇಳಿದ್ದಕ್ಕೆ ಉತ್ತರ ಅಲ್ಲ.

ಅದರ ಬದಲು ಹೇಳುವುದಕ್ಕೆ ಎರಡು ಪದ ಕೊಡುತ್ತೇನೆ: “ಹೌದಲ್ಲ, ನೋಡ್ತೀನಿ.” ಒಪ್ಪಿಕೊಂಡ ಹಾಗೂ ಅಲ್ಲ, ತಳ್ಳಿಹಾಕಿದ ಹಾಗೂ ಅಲ್ಲ. ನಿಮಗೆ ಯೋಚನೆ ಮಾಡಲು ಒಂದು ದಿನ ಸಿಗುತ್ತದೆ.

ಎಚ್ಚರಿಕೆ: ನಗಬೇಡಿ. ಬೈಗುಳಕ್ಕಿಂತ ನಗು ಕೆಟ್ಟದ್ದು. ಬೈದರೆ ಮಗು ಮತ್ತೊಂದು ದಿನ ವಾದಕ್ಕೆ ಬರುತ್ತದೆ. ನಕ್ಕು, “ನೋಡ್ರೀ ನಮ್ಮ ಲಾಯರು” ಅಂತ ನೆಂಟರ ಎದುರು ತೋರಿಸಿದರೆ ಮುಂದೆ ಬಾಯೇ ಬಿಡುವುದಿಲ್ಲ. ನಾನೇ ಒಮ್ಮೆ ಹಾಗೆ ನಕ್ಕು, ಮಗ ತಿಂಗಳುಗಟ್ಟಲೆ “ಏನಿಲ್ಲ ಬಿಡಮ್ಮಾ” ಅನ್ನುವುದನ್ನು ಕೇಳಿದ್ದೇನೆ.

2. ಮಾತು ಬೇರೆ, ಮಾತಿನ ಧಾಟಿ ಬೇರೆ

ನೆಂಟರ ಎದುರು ಹೇಳಿದ್ದು, ಜೋರಾಗಿ ಹೇಳಿದ್ದು, ಅಜ್ಜನಿಗೆ ಬೆರಳು ತೋರಿಸಿ ಹೇಳಿದ್ದು ತಪ್ಪೇ ಇರಬಹುದು. ಅದನ್ನು ತಿದ್ದಿ. ಆದರೆ ಅದೇ ಉಸಿರಿನಲ್ಲಿ ಬೇಡ. ಮೊದಲು ಹೇಳಿದ ವಿಷಯ ತೀರ್ಮಾನ ಆಗಲಿ. ಮಾರನೇ ದಿನ ಅಥವಾ ರಾತ್ರಿ ಹಾಸಿಗೆ ಹಾಸುವಾಗ, “ನೀನು ಹೇಳಿದ್ದು ಸರಿ. ಹೇಳಿದ ರೀತಿಗೆ ಅಜ್ಜಂಗೆ ಬೇಜಾರಾಯ್ತು. ಮುಂದಿನ ಸಲ ನನ್ನ ಒಳಗೆ ಕರೆದು ಹೇಳು” ಅನ್ನಿ. ಧಾಟಿ ಸರಿಯಿಲ್ಲ ಅನ್ನುವ ನೆಪ ತೆಗೆದು ಮಾತನ್ನೇ ಹಾರಿಸಿಬಿಡುವುದು ದೊಡ್ಡವರ ಹಳೇ ಉಪಾಯ. ಮಕ್ಕಳಿಗೆ ಇದು ಬಹಳ ಬೇಗ ಗೊತ್ತಾಗುತ್ತದೆ.

3. ಹೇಳಿದ್ದನ್ನು ಕೇರಿ ನೋಡಿ

ಮಗು ಹೇಳಿದ್ದೆಲ್ಲ ಸರಿ ಇರುವುದಿಲ್ಲ. ಅಕ್ಕಿಯನ್ನು ಮೊರದಲ್ಲಿ ಹಾಕಿ ಕೇರುವ ಹಾಗೆ ಇದನ್ನೂ ಕೇರಬೇಕು. ಈ ಹಂತದಲ್ಲಿ ಆತುರ ಬೇಡ.

ಜೀವಕ್ಕೋ ಕಾನೂನಿಗೋ ಸಂಬಂಧಿಸಿದ್ದಾದರೆ ಚರ್ಚೆ ಇಲ್ಲ. ಅವತ್ತೇ ಬದಲಾಯಿಸಿ. ನಮ್ಮ ಕಡೆ ಪದೇ ಪದೇ ಬರುವ ಮೂರು ವಿಷಯ ಹೇಳುತ್ತೇನೆ.

ಒಂದು, ಡೆಪಾ ಎಣ್ಣೆ (ಉಣ್ಣೆ ಹತ್ತದ ಹಾಗೆ ಮೈಗೆ ಹಚ್ಚಿಕೊಳ್ಳುವುದು). ಮಂಗನ ಕಾಯಿಲೆ ಅಂದರೆ ಕಾಡಿನ ಉಣ್ಣೆ (ಉಣುಗು) ಕಚ್ಚಿ ಬರುವ ಜ್ವರ. 1957ರಲ್ಲಿ ಮೊದಲು ಗೊತ್ತಾಗಿದ್ದು ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲೇ. ಡಿಸೆಂಬರಿನಿಂದ ಮೇ ತನಕ ಇದರ ಕಾಟ ಜಾಸ್ತಿ. ನಾವು ತರಗೆಲೆ ಗುಡಿಸಲು, ಸೌದೆ ತರಲು ಕಾಡಿಗೆ ಹೋಗುವುದೂ ಅದೇ ಹೊತ್ತಿಗೆ. ಕೈಕಾಲಿಗೆ ಎಣ್ಣೆ ಹಚ್ಚಿಕೊಂಡು ಹೋಗಿ, ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ, ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಿ ಅಂತ ಶಾಲೆಯಲ್ಲಿ ಹೇಳಿರುತ್ತೇವೆ. ಮಗು ಮನೆಗೆ ಬಂದು ನೋಡಿದರೆ ಎಣ್ಣೆ ಬಾಟಲಿ ಮಾಡಿನ ಸಂದಿಯಲ್ಲಿ ಧೂಳು ಹಿಡಿದು ಕೂತಿರುತ್ತದೆ. “ನಮ್ಮಪ್ಪ ಹಚ್ಚಿದ್ನಾ, ನಮ್ಮಜ್ಜ ಹಚ್ಚಿದ್ನಾ” ಅನ್ನುವ ಉತ್ತರ ಇಲ್ಲಿ ನಡೆಯುವುದಿಲ್ಲ.

ಎರಡು, ಸ್ಕೂಟರ್. ಹದಿನೈದರ ಅಣ್ಣನನ್ನು ಡೈರಿಗೆ ಹಾಲು ಹಾಕಿ ಬಾ ಅಂತ ಗಾಡಿಯಲ್ಲಿ ಕಳಿಸುತ್ತೀರಿ. ತಂಗಿ ಕೇಳುತ್ತಾಳೆ: “ಅವನಿಗೆ ಲೈಸೆನ್ಸ್ ಎಲ್ಲಿದೆ?” ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 199ಎ ಕಲಂ ಓದಿ ನೋಡಿ. 18 ತುಂಬದವರು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಹೊಣೆ ಪೋಷಕರದ್ದು ಅಥವಾ ಗಾಡಿಯ ಮಾಲೀಕರದ್ದು. 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ಆಗುವ ತನಕ ಲೈಸೆನ್ಸ್ ಸಿಗುವುದಿಲ್ಲ. “ಇಲ್ಲೇ ಅಲ್ವಾ, ಎರಡು ಕಿಲೋಮೀಟರ್” ಅನ್ನುವ ವಿನಾಯಿತಿ ಕಾನೂನಿನಲ್ಲಿ ಇಲ್ಲ.

ಮೂರು, ಬಚ್ಚಲೊಲೆ. ಹಂಡೆಗೆ ಉರಿ ಹಾಕುವಾಗ ಹಾಲಿನ ಕವರು, ಚಿಪ್ಸ್ ಪ್ಯಾಕೆಟ್ಟು ಸೇರಿಸಿ ತಳ್ಳುವುದು ನಮ್ಮಲ್ಲಿ ಕಸ ವಿಲೇವಾರಿಯೇ ಆಗಿಬಿಟ್ಟಿದೆ. ಆ ಹೊಗೆ ಹೋಗುವುದು ಸ್ನಾನಕ್ಕೆ ಬರುವ ಮಗುವಿನ ಮೂಗಿಗೆ. 2016ರ ಘನತ್ಯಾಜ್ಯ ನಿಯಮಗಳೇ ಹಸಿ ಕಸ, ಒಣ ಕಸ, ಅಪಾಯದ ಕಸ ಅಂತ ಬೇರೆ ಮಾಡಬೇಕು, ಕಂಡಲ್ಲಿ ಸುಡಬಾರದು ಅಂದಿದ್ದವು. ಕವರುಗಳನ್ನು ತೊಳೆದು ಒಂದು ಗೊಬ್ಬರದ ಚೀಲದಲ್ಲಿ ತುಂಬಿಡಿ, ಪಂಚಾಯಿತಿ ಗಾಡಿ ಬಂದಾಗ ಕೊಡಿ.

ಇನ್ನು ಅರ್ಧ ಸರಿ, ಅರ್ಧ ತಪ್ಪು ಇರುವ ಮಾತುಗಳು. ಇವೇ ರುಚಿಯಾದವು. ಮಳೆ ಹಿಡಿಯುವ ಮೊದಲು ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಸುತ್ತೀರಿ. ಮಗ ಬಂದು, “ಅಪ್ಪಾ, ತೋಟಕ್ಕೆ ವಿಷ ಹೊಡೀಬೇಡ” ಅನ್ನುತ್ತಾನೆ. ಇಲ್ಲಿ ಕೂತು ಮಾತಾಡಿ. ಈ ಔಷಧಿ, ಬೋರ್ಡೋ ದ್ರಾವಣ ಅಂದರೆ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ, ತಲಾ ಒಂದು ಕೆಜಿಗೆ ನೂರು ಲೀಟರ್ ನೀರು. ಅದನ್ನು ಬಿಟ್ಟರೆ ಆಷಾಢದ ಮಳೆಗೆ ಕಾಯಿ ಕೊಳೆತು ಉದುರಿ, ವರ್ಷದ ಬೆಳೆಯೇ ಹೋಗಬಹುದು ಅಂತ ವಿವರಿಸಿ. ಚಾಕುವಿನ ಅಲಗನ್ನು ದ್ರಾವಣದಲ್ಲಿ ಅದ್ದಿ ತೋರಿಸಿ: ಕೆಂಪಗೆ ತಾಮ್ರ ಅಂಟಿದರೆ ಸುಣ್ಣ ಸಾಲದು ಅಂತ ಅರ್ಥ. ಮಕ್ಕಳಿಗೆ ಈ ಪರೀಕ್ಷೆ ಬಹಳ ಇಷ್ಟ.

ಅವನ ಮಾತು ಅಲ್ಲಿಗೆ ಮುಗಿಯಿತು ಅಂದುಕೊಳ್ಳಬೇಡಿ. ಡ್ರಮ್ಮನ್ನು ಎಲ್ಲಿ ತೊಳೆಯುತ್ತೀರಿ? ಹಳ್ಳದಲ್ಲಿ ಅಲ್ವಾ? ತಾಮ್ರ ಮೀನಿಗೆ ವಿಷವೇ. ಔಷಧಿ ಹೊಡೆಯುವವರ ಕೈಗೆ ಗ್ಲೌಸ್ ಕೊಟ್ಟಿದ್ದೀರಾ? ಕಣ್ಣಿಗೆ? ಹುಡುಗ ಕೇಳಿದ ಪ್ರಶ್ನೆ ತಪ್ಪಿರಬಹುದು, ಬೆರಳು ತೋರಿಸಿದ ಜಾಗ ಸರಿ ಇತ್ತು. ಕೇರುವುದು ಅಂದರೆ ಹೀಗೆ. ಹೊಟ್ಟು ಹಾರಿದ ಮೇಲೆ ಮೊರದಲ್ಲಿ ಏನು ಉಳಿಯಿತು ಅಂತ ನೋಡುವುದು.

4. ಲೋಟದ ಪ್ರಶ್ನೆ ಬಂದರೆ

ಇದನ್ನು ಬೇರೆ ಹಂತವಾಗಿ ಬರೆಯಲು ಕಾರಣ ಇದೆ. ಇದನ್ನು ಕೇರುವ ಅಗತ್ಯವೇ ಇಲ್ಲ.

ಶಾಲೆಯಲ್ಲಿ ಬಿಸಿಯೂಟಕ್ಕೆ (ರಾಜ್ಯದಲ್ಲಿ ಅಕ್ಷರ ದಾಸೋಹ 2002ರಲ್ಲಿ ಶುರುವಾಯಿತು) ಮಕ್ಕಳೆಲ್ಲ ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಾರೆ. ಸಂಜೆ ಮನೆಗೆ ಬಂದರೆ, ಅಡಿಕೆ ಕೊನೆ ಕೊಯ್ಯಲು ಬಂದವರಿಗೆ ಟೀ ಬೇರೆ ಲೋಟದಲ್ಲಿ. ಆ ಲೋಟಕ್ಕೆ ಜಾಗವೂ ಬೇರೆ, ಹಿತ್ತಿಲ ಗೋಡೆಯ ಮೇಲೆ. “ಅವರಿಗ್ಯಾಕೆ ಬೇರೆ?” ಅಂತ ಮಗು ಕೇಳುತ್ತದೆ. ಅಥವಾ ಇನ್ನೊಂದು ಪ್ರಶ್ನೆ, ಅಷ್ಟೇ ಚುಚ್ಚುವಂಥದ್ದು: “ಅವರು ನಿನಗಿಂತ ದೊಡ್ಡೋರಲ್ವಾ ಅಪ್ಪಾ, ‘ಬಾರೋ ಹೋಗೋ’ ಅಂತ ಯಾಕೆ ಕರೀತೀಯ?”

“ಮೊದಲಿಂದ ನಡೆದು ಬಂದಿದ್ದು” ಅನ್ನುವುದು ಉತ್ತರ ಅಲ್ಲ. ಅಸ್ಪೃಶ್ಯತೆಯ ಯಾವ ರೂಪವೂ ನಡೆಯುವಂತಿಲ್ಲ ಅಂತ ಸಂವಿಧಾನದ 17ನೇ ವಿಧಿ ಹೇಳುತ್ತದೆ. ಕಾನೂನು ಹಾಗಿರಲಿ, ಮಗುವಿಗೆ ನೀವೇ ಕಲಿಸಿದ “ಎಲ್ಲರೂ ಒಂದೇ” ಅನ್ನುವ ಮಾತು ಎದುರಿಗೇ ನಿಂತಿದೆ.

ಹೀಗೆ ಮಾಡಿ. ಮಾರನೇ ದಿನ ಟೀ ಹೊತ್ತಿಗೆ ಒಂದೇ ತರದ ಲೋಟಗಳನ್ನು ಒಂದೇ ತಟ್ಟೆಯಲ್ಲಿ ಇಟ್ಟು ನೀವೇ ತೆಗೆದುಕೊಂಡು ಹೋಗಿ. ನೀವೂ ಅದರಲ್ಲೇ ಒಂದು ಎತ್ತಿಕೊಂಡು ಅವರ ಜೊತೆ ಕುಡಿಯಿರಿ. ಲೋಟಗಳೆಲ್ಲ ಒಟ್ಟಿಗೇ ತೊಳೆಯಲು ಹೋಗಲಿ. ಬಹುವಚನಕ್ಕೆ ಬರಲು ನಾಲಿಗೆ ಸ್ವಲ್ಪ ತಡವರಿಸುತ್ತದೆ. ಒಂದು ವಾರ ತಡವರಿಸಲಿ ಬಿಡಿ.

ಇಲ್ಲಿ ಬೀಳುವ ಗುಂಡಿಗಳು ಮೂರು. “ಇವತ್ತಿಂದ ನಿಮಗೂ ಇದೇ ಲೋಟ ನೋಡಿ” ಅಂತ ಸಾರಬೇಡಿ. ಅದು ಅವರಿಗೆ ಇನ್ನೊಂದು ಅವಮಾನ. ಮಗುವನ್ನು ಮುಂದೆ ಬಿಟ್ಟು ಅಜ್ಜಿಯ ಜೊತೆ ವಾದಕ್ಕೆ ಹಚ್ಚಬೇಡಿ. ಅಜ್ಜಿಗೆ ಹೇಳುವ ಕೆಲಸ ನಿಮ್ಮದು, ನೀವು ಅವರ ಮಗ ಅಥವಾ ಸೊಸೆ. ಮತ್ತೆ, “ಅಜ್ಜಿಗೆ ಕಾಣದ ಹಾಗೆ ಕೊಡೋಣ” ಅನ್ನಬೇಡಿ. ಮಗು ಕೇಳಿದ್ದು ಕದ್ದು ಮಾಡುವ ಸಮಾನತೆಯನ್ನಲ್ಲ.

ಈ ಹಂತದಲ್ಲಿ ಮನೆಯಲ್ಲಿ ಮುಖ ಊದಿಸಿಕೊಳ್ಳುವವರು ಇರುತ್ತಾರೆ. ಇರಲಿ.

5. ಒಂದೇ ಬದಲಾವಣೆ, ತಾರೀಖು ಹಾಕಿ

ಒಪ್ಪಿಕೊಂಡ ಮೇಲೆ ಡೈರಿಯಲ್ಲಿ ಒಂದು ಸಾಲು ಬರೆಯಿರಿ: ಏನು, ಯಾರು, ಯಾವತ್ತಿಂದ. ದೊಡ್ಡ ಪ್ರತಿಜ್ಞೆ ಬೇಡ. “ನಾಳೆಯಿಂದ ಹೊಗೆಸೊಪ್ಪು ಬಿಟ್ಟೆ” ಅಂತ ಬರೆದ ಅಪ್ಪ ಮೂರನೇ ದಿನ ಕೊಟ್ಟಿಗೆ ಹಿಂದೆ ನಿಂತು ಕವಳ ಹಾಕುತ್ತಾನೆ. ಮಗು ಅದನ್ನೂ ನೋಡುತ್ತದೆ. “ಹೊಗೆಸೊಪ್ಪು ತರೋಕೆ ಮಗುವನ್ನು ಅಂಗಡಿಗೆ ಕಳಿಸುವುದಿಲ್ಲ. ಅಂಗಳದಲ್ಲಿ ಉಗುಳುವುದಿಲ್ಲ. ಸೋಮವಾರದಿಂದ.” ಇಷ್ಟು ಬರೆದರೆ ನಡೆಸಿಕೊಡಬಹುದು. ಪೂರ್ತಿ ಬಿಡುವುದಕ್ಕೆ ಡಾಕ್ಟರ ಸಹಾಯ ತೆಗೆದುಕೊಳ್ಳಿ, ಅದು ಮಗುವಿನ ಕೆಲಸ ಅಲ್ಲ.

ತಪ್ಪಿದರೆ ಅದನ್ನೂ ಬರೆಯಿರಿ. “ಬುಧವಾರ ತಪ್ಪಿತು.” ಅಷ್ಟೇ, ಸಮಜಾಯಿಷಿ ಬೇಡ. ನಾವು ಮಕ್ಕಳ ಕೈಲಿ ಇಂಪೊಸಿಷನ್ ಬರೆಸುವವರು, ನಮಗೆ ಒಂದು ಸಾಲು ಬರೆಯಲು ಕಷ್ಟ ಆಗಬಾರದು.

ಈ ಡೈರಿಯನ್ನು ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕುವವರಿದ್ದಾರೆ. ದಯವಿಟ್ಟು ಬೇಡ.

6. ವಾರಕ್ಕೊಮ್ಮೆ ಕೂರಿ

ಕಾಲು ಗಂಟೆ ಸಾಕು. ಕೊಯ್ಲಿನ ಸಮಯದಲ್ಲಿ ಪುರುಸೊತ್ತು ಎಲ್ಲಿ ಅನ್ನಬೇಡಿ, ರಾತ್ರಿ ಅಡಿಕೆ ಸುಲಿಯಲು ಎಲ್ಲರೂ ಒಟ್ಟಿಗೆ ಕೂತಿರುತ್ತೀರಲ್ಲ, ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಮಷಿನ್ ಬಂದ ಮನೆಯವರು ಊಟ ಆದ ಮೇಲೆ ಕೂರಿ. ಫೋನುಗಳು ಬೇರೆ ಕೋಣೆಯಲ್ಲಿರಲಿ.

ಮೊದಲು ಮಾತಾಡುವುದು ಮನೆಯ ಚಿಕ್ಕ ಮಗು, ಆಮೇಲೆ ಉಳಿದವರು. ದೊಡ್ಡವರು ಮೊದಲು ಶುರು ಮಾಡಿದರೆ ಮಕ್ಕಳು ಅವರ ಮುಖ ನೋಡಿ ಮಾತಾಡುತ್ತಾರೆ. ನಡುವೆ ಬಾಯಿ ಹಾಕುವಂತಿಲ್ಲ. ಡೈರಿಯ ಹಿಂದಿನ ವಾರದ ಸಾಲು ಓದುವುದು, ಈ ವಾರದ್ದು ಬರೆಯುವುದು, ಎದ್ದೇಳುವುದು.

“ಮಕ್ಕಳನ್ನು ಕೂರಿಸಿಕೊಂಡು ಎಂಥದ್ದು ಮೀಟಿಂಗು” ಅಂತ ಅಜ್ಜ ಗೊಣಗಿದರೆ ಒಂದು ಮಾತು ಹೇಳಬಹುದು. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು (ದೇಶ ದೇಶಗಳು ಸೇರಿ ಮಾಡಿಕೊಂಡ ಒಪ್ಪಂದ) ಭಾರತ 1992ರಲ್ಲಿ ಒಪ್ಪಿಕೊಂಡಿದೆ. ತನಗೆ ಸಂಬಂಧಪಟ್ಟ ವಿಷಯದಲ್ಲಿ ಅಭಿಪ್ರಾಯ ಹೇಳುವ ಹಕ್ಕು ಮಗುವಿಗಿದೆ, ಅದರ ವಯಸ್ಸು ಮತ್ತು ತಿಳಿವಳಿಕೆ ನೋಡಿ ಆ ಮಾತಿಗೆ ಬೆಲೆ ಕೊಡಬೇಕು ಅಂತ ಅದರ 12ನೇ ವಿಧಿ. ಕೇಳಿದ್ದನ್ನೆಲ್ಲ ಮಾಡಲೇಬೇಕು ಅಂತ ಎಲ್ಲೂ ಇಲ್ಲ. ಹೊಸ ಮೊಬೈಲ್ ಬೇಕು ಅನ್ನುವುದೂ ಈ ಕೂಟದಲ್ಲಿ ಬರುತ್ತದೆ. “ಕೇಳಿಸಿಕೊಂಡೆ, ಆಗಲ್ಲ, ಯಾಕಂದ್ರೆ ಹೀಗೆ” ಅಂತ ಹೇಳಿ ಮುಗಿಸಿ.

ಆದರೆ ಅಜ್ಜ ಅಜ್ಜಿ ಯಾವಾಗಲೂ ಎದುರು ಪಕ್ಷ ಅಂತ ತಿಳಿಯಬೇಡಿ. ಬಟ್ಟೆ ಚೀಲ, ಬಾಳೆ ಎಲೆ, ಅಡಿಕೆ ಹಾಳೆ ತಟ್ಟೆ, ಒಂದು ಕಾಳೂ ಚೆಲ್ಲದ ಅಡುಗೆಮನೆ ಅವರದ್ದೇ ಅಲ್ವಾ? ಪ್ಲಾಸ್ಟಿಕ್ ವಿಷಯದಲ್ಲಿ ಮೊಮ್ಮಗಳೂ ಅಜ್ಜಿಯೂ ಒಂದೇ ಕಡೆ. ನಡುವೆ ಕೆಟ್ಟವರು ನಾವು.

7. ಮಗುವನ್ನು ಪೊಲೀಸ್ ಮಾಡಬೇಡಿ

ಉತ್ಸಾಹದಲ್ಲಿ ಕೆಲವರು, “ನೀನೇ ಮನೆ ಲೀಡರ್, ತಪ್ಪು ಮಾಡಿದೋರಿಗೆ ಹತ್ತು ರೂಪಾಯಿ ಫೈನ್ ಹಾಕು” ಅಂತ ಮಗುವಿಗೆ ಪಟ್ಟ ಕಟ್ಟುತ್ತಾರೆ. ಎರಡು ವಾರದಲ್ಲಿ ಅದು ದುಡ್ಡಿನ ಆಟ ಆಗಿ, ತಮ್ಮನ ಮೇಲೆ ಚಾಡಿ ಹೇಳುವುದರಲ್ಲಿ ಮುಗಿಯುತ್ತದೆ. ಜವಾಬ್ದಾರಿ ಕೊಡುವುದಾದರೆ ನಿಜವಾದ ಕೆಲಸ ಕೊಡಿ: ಒಣ ಕಸದ ಚೀಲ, ಕರುವಿನ ನೀರು, ಕರೆಂಟ್ ಬಿಲ್ಲಿನ ಯೂನಿಟ್ ಬರೆದಿಡುವುದು. ಗಂಡು ಹೆಣ್ಣು ಅಂತ ಭೇದ ಮಾಡದೆ ಕೊಡಿ. “ಅಣ್ಣ ಯಾಕೆ ತಟ್ಟೆ ತೊಳೆಯಲ್ಲ?” ಅನ್ನುವ ಪ್ರಶ್ನೆ ನಿಮ್ಮ ಮನೆಗೆ ಇನ್ನೂ ಬಂದಿಲ್ಲವಾದರೆ, ಬರುತ್ತದೆ.

ಇನ್ನೊಂದು ಕಡೆಯ ಅಪಾಯ ಇದಕ್ಕಿಂತ ದೊಡ್ಡದು. ಅಪ್ಪನ ಕುಡಿತ, ಸೊಸೈಟಿ ಸಾಲ, ಅಪ್ಪ ಅಮ್ಮನ ಜಗಳ ಇವುಗಳ ಭಾರವನ್ನು ಕೆಲವು ಮಕ್ಕಳು ಸದ್ದಿಲ್ಲದೆ ಹೊರುತ್ತಾರೆ. ಪ್ರವಾಸಕ್ಕೆ ದುಡ್ಡು ಕೇಳುವುದಿಲ್ಲ. ಹೊಟ್ಟೆ ತುಂಬಿತು ಅನ್ನುತ್ತಾರೆ. “ಎಷ್ಟು ಜವಾಬ್ದಾರಿ ನೋಡಿ ನಮ್ಮ ಮಗಳಿಗೆ” ಅಂತ ಊರೆಲ್ಲ ಹೊಗಳುತ್ತದೆ. ಹೊಗಳಬೇಡಿ. “ಅದು ನಮ್ಮ ಲೆಕ್ಕ, ನಾವು ನೋಡ್ಕೋತೀವಿ, ನೀನು ಆಡೋಕೆ ಹೋಗು” ಅಂತ ಬಾಯಿಬಿಟ್ಟು ಹೇಳಿ. ನಿಮ್ಮ ಕೈ ಮೀರಿದ್ದರೆ, ಅಥವಾ ಪಕ್ಕದ ಮನೆಯ ಮಗುವಿನ ಸ್ಥಿತಿ ಹೀಗೆ ಕಂಡರೆ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬಹುದು.

8. ಮನೆಯಿಂದ ಪಂಚಾಯಿತಿಗೆ

ಡೈರಿಯಲ್ಲಿ ಮನೆಯವರ ಕೈಲಿ ಆಗದ ವಿಷಯಗಳೂ ಬರುತ್ತವೆ. ಹಳ್ಳ ದಾಟಲು ಕಾಲುಸಂಕ (ಅಡಿಕೆ ಮರ ಅಥವಾ ಹಲಗೆ ಹಾಕಿದ ಕಿರುಸೇತುವೆ) ಇಲ್ಲ, ಶಾಲೆಯ ಶೌಚಾಲಯಕ್ಕೆ ನೀರಿಲ್ಲ. ಅದಕ್ಕೆ ಜಾಗ ಮಕ್ಕಳ ಗ್ರಾಮ ಸಭೆ. ಗ್ರಾಮ ಪಂಚಾಯಿತಿ ವರ್ಷಕ್ಕೊಮ್ಮೆ ಮಕ್ಕಳ ಮಾತು ಕೇಳಲೆಂದೇ ಕರೆಯುವ ಸಭೆ ಇದು. ನಿಮ್ಮ ಊರಲ್ಲಿ ಯಾವತ್ತು ಅಂತ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರನ್ನೋ ಶಾಲೆಯಲ್ಲೋ ಕೇಳಿ ಡೈರಿಯಲ್ಲಿ ಗುರುತು ಹಾಕಿ.

ಅರ್ಜಿಯನ್ನು ಮಗುವೇ ಬರೆಯಲಿ. ಕಾಗುಣಿತ ತಪ್ಪಿದರೂ ತೊಂದರೆಯಿಲ್ಲ. ಯಾವ ಹಳ್ಳ, ಎಷ್ಟು ಮನೆಯ ಮಕ್ಕಳು ದಾಟುತ್ತಾರೆ, ಮಳೆಗಾಲದಲ್ಲಿ ಎಷ್ಟು ದಿನ ಶಾಲೆ ತಪ್ಪಿತು, ಇಷ್ಟು ಇರಬೇಕು. ನೀವು ಬರೆದುಕೊಟ್ಟದ್ದನ್ನು ಮಗು ಗಿಣಿಪಾಠ ಒಪ್ಪಿಸಿದರೆ ಪಂಚಾಯಿತಿಯವರಿಗೆ ಎರಡನೇ ಸಾಲಿಗೇ ಗೊತ್ತಾಗುತ್ತದೆ. ಕೊಟ್ಟ ಅರ್ಜಿಗೆ ಸ್ವೀಕೃತಿ (ತಲುಪಿದೆ ಅಂತ ಸಹಿ, ಸೀಲು) ತೆಗೆದುಕೊಳ್ಳಿ, ಒಂದು ಪ್ರತಿ ಇಟ್ಟುಕೊಳ್ಳಿ. ಮುಂದಿನ ವರ್ಷದ ಸಭೆಯಲ್ಲಿ ಮೊದಲ ಪ್ರಶ್ನೆ ಅದೇ ಆಗಲಿ: “ಹೋದ ವರ್ಷ ಕೇಳಿದ್ದು ಏನಾಯ್ತು?” ಮನೆಯಲ್ಲಿ ಈ ಪ್ರಶ್ನೆ ಕೇಳಿ ಅಭ್ಯಾಸ ಆದ ಮಗು ಅಲ್ಲೂ ಕೇಳುತ್ತದೆ.

ಕೊನೆಗೆ, ಬಹಳ ಜನ ಕೇಳುವ ಇನ್ನೊಂದು

“ನಮ್ಮ ಮಗ ಏನೂ ಹೇಳೋದೇ ಇಲ್ಲ ಟೀಚರೇ, ಕೂತ್ರೆ ಗೋಡೆ ನೋಡ್ತಾನೆ.” ಹದಿಮೂರು ದಾಟಿದವರಲ್ಲಿ ಇದು ಸಾಮಾನ್ಯ. ಒತ್ತಾಯ ಮಾಡಬೇಡಿ. ಡೈರಿಯಲ್ಲಿ ನೀವೇ ಒಂದು ಪ್ರಶ್ನೆ ಬರೆದು, ತೆರೆದ ಪುಟದಲ್ಲೇ ಊಟದ ಟೇಬಲ್ ಮೇಲೋ ಕಿಟಕಿಯಲ್ಲೋ ಬಿಟ್ಟುಬಿಡಿ: “ನಾನು ಹೇಳಿ, ಮಾಡದೇ ಇದ್ದದ್ದು ಏನು?” ಬರೆದಾಯ್ತಾ ಅಂತ ಕೇಳಬೇಡಿ. ಮೂರು ವಾರ ಹಾಗೇ ಇರಲಿ. ಒಂದು ದಿನ ಪೆನ್ಸಿಲಿನಲ್ಲಿ, ಸಣ್ಣ ಅಕ್ಷರದಲ್ಲಿ ಏನೋ ಬಂದಿರುತ್ತದೆ. ಹೆಚ್ಚಾಗಿ “ನನ್ನ ಮ್ಯಾಚ್ ನೋಡೋಕೆ ಬರ್ತೀನಿ ಅಂದಿದ್ರಿ” ಅನ್ನುವಂಥದ್ದು. ಅದರ ಕೆಳಗೆ ಏನೂ ಬರೆಯಬೇಡಿ. ಮುಂದಿನ ಮ್ಯಾಚ್ ಯಾವತ್ತು ಅಂತ ವಿಚಾರಿಸಿ, ಹೋಗಿ.